ಅಕ್ಷರಗುಂಡಿನಿಂದ ಕುಣಿಯುವ ಅಕ್ಷರದವರೆಗೆ

ಕಂಪ್ಯೂಟರ್ ಪರದೆಯ ಮೇಲೆ ಅಕ್ಷರ, ಅಂಕಿಗಳು ಹಾಡಿಗೆ ತಕ್ಕಂತೆ ಉಬ್ಬಿ, ತಿರುಗಿ, ಕುಣಿಯುವುದನ್ನು ವಿದ್ಯಾರ್ಥಿಗಳು ನೋಡಿರಬಹುದು. ಅಕ್ಷರಕ್ಕೆ ಆಳ ಕೊಡುವ ಕೆಲಸವಂತೂ ಹೊಸದಲ್ಲ. ಚಳ್ಳಕೆರೆಯ ನೆರೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳಲ್ಲಿ ಕ್ರಿ.ಪೂ. 3ನೆಯ ಶತಮಾನದಲ್ಲೇ ಅಶೋಕನ ಶಾಸನಗಳನ್ನು ಕೊರೆಯಲಾಯಿತು. ಬ್ರಹ್ಮಗಿರಿಯ ಶಾಸನದಲ್ಲಿ ಅಂಕಿಯೂ ಇದೆ; 256 ಎಂಬುದನ್ನು 200, 50, 6ರ ಮೂರು ಚಿಹ್ನೆಗಳಿಂದ ಬರೆದಿದೆ. ಬರೆದ ಚಪಡನು ಕೊನೆಯಲ್ಲಿ ‘ಲಿಪಿಕಾರ’ನೆಂಬ ತನ್ನ ವೃತ್ತಿಯನ್ನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿ ಸೂಚಿಸಿದ್ದಾನೆ.

ಕಾಲಕ್ರಮದಲ್ಲಿ ಲಿಪಿ ಮರೆತುಹೋಯಿತು. ಬ್ರಹ್ಮಗಿರಿಯ ಬಂಡೆ ಊರವರ ಬಾಯಲ್ಲಿ ಬರಿಯ ‘ಅಕ್ಷರಗುಂಡು’ ಆಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದ್ದರಿಂದಲೇ, 1892ರಲ್ಲಿ ಬಿ.ಎಲ್. ರೈಸ್ ಈ ಶಾಸನಗಳನ್ನು ಬೆಳಕಿಗೆ ತಂದಾಗ ಅವುಗಳ ಅರ್ಥ ತಿಳಿಯಿತು.

ಇನ್ನು ಚಿತ್ರವನ್ನು ಸಂಗೀತಕ್ಕೆ ಕುಣಿಸಿದವರು ನಮ್ಮ ತೊಗಲುಗೊಂಬೆಯವರು. ದೀಪದ ಬೆಳಕಿನಲ್ಲಿ, ಪರದೆಯ ಹಿಂದೆ ಅವರ ಕೈ ತಾಳವನ್ನು ಅನುಸರಿಸುತ್ತದೆ. ಕಂಪ್ಯೂಟರಿನಲ್ಲಿ ಆ ಕೈಯ ಕೆಲಸವನ್ನು ಗಣಿತ ಮಾಡುತ್ತದೆ. ಮೊದಲು ಅಕ್ಷರದ ಹೊರರೇಖೆಗೆ ದಪ್ಪ ಕೊಟ್ಟು ಘನಾಕೃತಿ ಮಾಡುತ್ತಾರೆ. ಫ್ರಾನ್ಸಿನ ಫೋರಿಯರ್ 1822ರ ತನ್ನ ಗ್ರಂಥದಲ್ಲಿ ವಿವರಿಸಿದ ಗಣಿತದ ಆಧಾರದಿಂದ ನಾದವನ್ನು ಮಂದ್ರ, ತಾರ ಕಂಪನಗಳಾಗಿ ಬಿಡಿಸುತ್ತಾರೆ. ಮದ್ದಳೆಯ ಪೆಟ್ಟಿಗೆ ಅಕ್ಷರದ ಗಾತ್ರ, ತಾರಸ್ವರಕ್ಕೆ ಅದರ ಬಣ್ಣ ಬದಲಾಗುವಂತೆ ಹೊಂದಿಸಬಹುದು.

ಆದರೆ ಕುಣಿತದ ಭರದಲ್ಲಿ ಕನ್ನಡದ ಒತ್ತು, ಕೊಂಬು, ದೀರ್ಘಗಳು ಕಳಚಿ ಹೋದರೆ ಪದವೇ ಕೆಡುತ್ತದೆ. ಓದಲು ಬಾರದ ಅಕ್ಷರ ಎಷ್ಟು ಕುಣಿದರೂ ಮತ್ತೊಂದು ಅಕ್ಷರಗುಂಡಷ್ಟೆ.