ನಾಲ್ಕು ಋತುವಿಗೆ ಒಂದೇ ಟೈರು

1970ರ ದಶಕದವರೆಗೆ ಮಿನ್ನೆಸೋಟ, ಮಿಷಿಗನ್, ಓಹಾಯೊದಂಥ ಅಮೆರಿಕದ ಉತ್ತರ ರಾಜ್ಯಗಳಲ್ಲಿ ಕಾರು ಇಟ್ಟುಕೊಂಡವರಿಗೆ ವರ್ಷಕ್ಕೆರಡು ಸಲ ಬರುವ ಕೆಲಸವೊಂದಿತ್ತು. ಮೊದಲ ಹಿಮ ಬೀಳುವ ಹೊತ್ತಿಗೆ ಗ್ಯಾರೇಜಿನ ಮೂಲೆಯಿಂದ ದಪ್ಪ ಬಟನ್ನಿನ ಎರಡು ಟೈರುಗಳನ್ನು ಹೊರಗೆಳೆದು ಹಿಂದಿನ ಗಾಲಿಗಳಿಗೆ ಹಾಕಿಸಬೇಕು. ವಸಂತ ಬಂತೆಂದರೆ ಅವನ್ನು ಬಿಚ್ಚಿಸಿ ಮತ್ತೆ ಮೂಲೆ ಸೇರಿಸಬೇಕು. ಅಂದಿನ ಬಹುತೇಕ ಅಮೆರಿಕನ್ ಕಾರುಗಳಲ್ಲಿ ಇಂಜಿನ್ನಿನ ಬಲ ಹೋಗುತ್ತಿದ್ದುದು ಹಿಂದಿನ ಗಾಲಿಗಳಿಗೆ, ಹಾಗಾಗಿ ಎರಡೇ ಸಾಕೆಂಬುದು ರೂಢಿ. ಇನ್ನೂ ಹೆಚ್ಚಿನ ಹಿಡಿತ ಬೇಕೆನ್ನುವವರು ಲೋಹದ ಮೊಳೆ ಕೂರಿಸಿದ ಟೈರು ಹಾಕಿಸುತ್ತಿದ್ದರು. ಆ ಮೊಳೆಗಳು ರಸ್ತೆಯನ್ನೇ ಕೆರೆದು ಹಾಳು ಮಾಡುತ್ತವೆಂದು ಮಿನ್ನೆಸೋಟ 1971ರಲ್ಲಿ ಅವನ್ನು ನಿಷೇಧಿಸಿತು.

ಈ ಹಾಕು–ಬಿಚ್ಚುವ ಪದ್ಧತಿಯನ್ನು ಅಮೆರಿಕದ ಬಹುಪಾಲು ಮನೆಗಳು ಕೈಬಿಟ್ಟವು. ಅದರ ಬೆಲೆ ಏನೆಂಬುದು, ಎರಡು ಟನ್ನಿಗೂ ಮಿಕ್ಕಿ ತೂಗುವ ಐಷಾರಾಮಿ ಎಸ್‌ಯುವಿಗೆ ಹೊಸ ಟೈರು ಆರಿಸಲು ಅಂಗಡಿಯಲ್ಲಿ ನಿಂತಾಗ ಇಂದಿಗೂ ಎದುರಾಗುತ್ತದೆ. ಟೈರಿನ ಪಕ್ಕದ ಮೈಮೇಲೆ ಅಚ್ಚಾಗಿರುವ ಅಕ್ಷರ, ಅಂಕಿಗಳಲ್ಲಿ ಹಲವು ಯಾವುದೋ ಜಗಳದ, ಯಾವುದೋ ದುರಂತದ ನಂತರ ಅಲ್ಲಿಗೆ ಬಂದವು.

ಹಿಮಕ್ಕೆಂದೇ ಬೇರೆ ಟೈರು ಮಾಡುವ ಯೋಚನೆಗೆ ರೂಪ ಬಂದದ್ದು ಫಿನ್ಲೆಂಡಿನಲ್ಲಿ. ಇಂದು ನೋಕಿಯನ್ ಟೈರ್ಸ್ ಎಂದು ಹೆಸರಾದ ಕಂಪನಿಯ ಪೂರ್ವಜ, ಅಲ್ಲಿನ ರಬ್ಬರ್ ಕಾರ್ಖಾನೆ, 1934ರಲ್ಲಿ ಲಾರಿಗಳಿಗಾಗಿ ಕೆಲಿರೆಂಗಾಸ್ ಎಂಬ ಟೈರನ್ನು ತಂದಿತು. ಎರಡು ವರ್ಷದ ನಂತರ ಕಾರುಗಳಿಗೆ ಹಕ್ಕಪೆಲಿಟ್ಟ ಬಂತು; ಆ ಹೆಸರಿನ ಟೈರು ಈಗಲೂ ಮಾರಾಟದಲ್ಲಿದೆ. ಹಿಮ ತೆಗೆಯದ ರಸ್ತೆಯಲ್ಲಿ ಸರಕು ಸಾಗಲೇಬೇಕಾಗಿದ್ದ ದೇಶಕ್ಕೆ ಅದು ಅನುಕೂಲದ ಮಾತಾಗಿರಲಿಲ್ಲ, ಬದುಕಿನ ಅಗತ್ಯವಾಗಿತ್ತು.

ಬೇಸಿಗೆಗೊಂದು, ಚಳಿಗೊಂದು ಟೈರು ಯಾಕೆ ಬೇಕು? ಉತ್ತರ ರಬ್ಬರಿನ ಗುಣದಲ್ಲೇ ಇದೆ. ಹಸಿ ರಬ್ಬರು ಬಿಸಿಲಿಗೆ ಅಂಟಂಟಾಗುತ್ತದೆ, ಚಳಿಗೆ ಸೆಟೆದುಕೊಳ್ಳುತ್ತದೆ. ಗಂಧಕ ಬೆರೆಸಿ ಕಾಯಿಸಿದರೆ ಈ ದೋಷ ಬಹುಮಟ್ಟಿಗೆ ಹೋಗುತ್ತದೆಂದು 1839ರಲ್ಲಿ ಕಂಡುಕೊಂಡವನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ಆತ 1860ರಲ್ಲಿ ಸಾಲದಲ್ಲೇ ತೀರಿಕೊಂಡ. ಅವನ ಹೆಸರಿನ ಕಂಪನಿಯನ್ನು ಫ್ರಾಂಕ್ ಸೈಬರ್ಲಿಂಗ್ ಓಹಾಯೊದ ಆಕ್ರನ್ ಊರಿನಲ್ಲಿ ಸ್ಥಾಪಿಸಿದ್ದು 1898ರಲ್ಲಿ; ಆ ಸಂಶೋಧಕನ ಮನೆತನಕ್ಕೂ ಕಂಪನಿಗೂ ಸಂಬಂಧವಿರಲಿಲ್ಲ. ಗಂಧಕದಿಂದ ರಬ್ಬರು ಪಳಗಿತು ನಿಜ, ಆದರೆ ಮೂಲ ಸ್ವಭಾವ ಪೂರ್ತಿ ಹೋಗಲಿಲ್ಲ. ಚಳಿಯಲ್ಲೂ ಮೆತ್ತಗಿರುವಂತೆ ಪಾಕ ಮಾಡಿದ ಟೈರು ಬೇಸಿಗೆಯ ಕಾದ ಡಾಂಬರಿನ ಮೇಲೆ ಬೇಗ ಸವೆಯುತ್ತದೆ. ಬೇಸಿಗೆಗೆ ಗಟ್ಟಿ ಮಾಡಿದ್ದು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಿಡಿತ ಕಳೆದುಕೊಳ್ಳತೊಡಗುತ್ತದೆ. ಎಲ್ಲ ಋತುವಿಗೂ ಒಂದೇ ಟೈರು ಎಂದರೆ ಈ ಎರಡರ ನಡುವಿನ ರಾಜಿ.

ಆ ರಾಜಿಗೆ ದಾರಿ ಮಾಡಿಕೊಟ್ಟದ್ದು ರೇಡಿಯಲ್ ಟೈರು. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಇದರ ಪೇಟೆಂಟ್ ಪಡೆಯಿತು. ಒಳಗಿನ ಎಳೆಗಳು ಓರೆಯಾಗಿ ಹಾಯದೆ ಅಂಚಿನಿಂದ ಅಂಚಿಗೆ ನೇರವಾಗಿ ಸಾಗಿ, ಮೇಲೆ ಉಕ್ಕಿನ ಪಟ್ಟಿ ಬಿಗಿದಿರುವುದರಿಂದ ನೆಲಕ್ಕೆ ತಾಗುವ ಮೈ ಮಟ್ಟಸವಾಗಿ ಕೂರುತ್ತದೆ. ಸವೆತ ಕಡಿಮೆ, ಇಂಧನ ಉಳಿತಾಯ ಹೆಚ್ಚು. ಯುರೋಪು ಒಪ್ಪಿಕೊಂಡರೂ ಡೆಟ್ರಾಯಿಟ್ ಬಹುಕಾಲ ಹಿಂಜರಿಯಿತು. ರೇಡಿಯಲ್ ತಯಾರಿಸಲು ಯಂತ್ರಗಳನ್ನೇ ಬದಲಿಸಬೇಕಿತ್ತು, ಕಾರಿನ ಸಸ್ಪೆನ್ಷನ್ನನ್ನೂ ತಿದ್ದಬೇಕಿತ್ತು. 1970ರ ಲಿಂಕನ್ ಕಾಂಟಿನೆಂಟಲ್ ಮಾರ್ಕ್ 3 ಕಾರಿಗೆ ಮಿಶೆಲಿನ್ ರೇಡಿಯಲ್‌ಗಳನ್ನು ಹಾಕಿಯೇ ಮಾರಲಾಯಿತು. 1973ರ ತೈಲ ಬಿಕ್ಕಟ್ಟು ಉಳಿದವರನ್ನೂ ಆ ದಾರಿಗೆ ತಳ್ಳಿತು.

1977ರಲ್ಲಿ ಗುಡ್‌ಇಯರ್ ಕಂಪನಿ ಟಿಯೆಂಪೊ ಎಂಬ ರೇಡಿಯಲ್ಲನ್ನು ಮಾರುಕಟ್ಟೆಗಿಳಿಸಿತು. ವರ್ಷವಿಡೀ ಓಡಬಲ್ಲ ಮೊದಲ ರೇಡಿಯಲ್ ಎಂಬ ಹೆಗ್ಗಳಿಕೆ ಅದರದ್ದು. ಬೇಸಿಗೆಯಲ್ಲಿ ತಡೆದುಕೊಳ್ಳುವಷ್ಟು ಗಟ್ಟಿ, ಹಿಮದಲ್ಲಿ ಮುಂದೆ ಸಾಗುವಷ್ಟು ಬಟನ್ನು. ಮುಂದಿನ ಗಾಲಿಗಳಿಗೆ ಬಲ ಕೊಡುವ ಕಾರುಗಳು ಹೆಚ್ಚುತ್ತಿದ್ದ ಕಾಲವದು. ಆ ಕಾರುಗಳಿಗೆ ಹಿಮದಲ್ಲಿ ಸಹಜವಾಗಿಯೇ ಒಂದಿಷ್ಟು ಹೆಚ್ಚಿನ ಹಿಡಿತವಿತ್ತು. ಕೆಲವೇ ವರ್ಷಗಳಲ್ಲಿ ಹಾಕು–ಬಿಚ್ಚುವ ತಾಪತ್ರಯ ಅಮೆರಿಕದ ಹೆಚ್ಚಿನ ಮನೆಗಳಿಂದ ಮರೆಯಾಯಿತು, ಹೊಸ ಕಾರುಗಳು ಆಲ್-ಸೀಸನ್ ಟೈರಿನೊಂದಿಗೇ ಹೊರಬರತೊಡಗಿದವು.

ಒಂದು ದೌರ್ಬಲ್ಯ ಮಾತ್ರ ಅಲ್ಲೇ ಉಳಿಯಿತು. ಈ ಟೈರುಗಳ ಮೇಲಿನ ‘ಎಂ+ಎಸ್’ ಗುರುತು, ಅಂದರೆ ಕೆಸರು ಮತ್ತು ಹಿಮ, ಸಿಗುತ್ತಿದ್ದುದು ಬಟನ್ನಿನ ಆಕಾರ ನೋಡಿ. ಬಟನ್ನುಗಳ ನಡುವೆ ಇಂತಿಷ್ಟು ಖಾಲಿ ಜಾಗ, ಅಂಚಿನಲ್ಲಿ ಇಂಥ ಸೀಳು ಇದ್ದರೆ ಆಯಿತು. ಆ ಟೈರನ್ನು ಹಿಮದ ಮೇಲೆ ಓಡಿಸಿ ನೋಡಬೇಕೆಂಬ ನಿಯಮ ಇರಲಿಲ್ಲ. ಎರಡು ದಶಕಗಳ ಕಾಲ ಲಕ್ಷಾಂತರ ಜನ ಆ ಎರಡು ಅಕ್ಷರಗಳನ್ನು ನಂಬಿ ಚಳಿಗಾಲ ಕಳೆದರು. ಆಕಾರವನ್ನಷ್ಟೇ ನೋಡಿ ಕೊಟ್ಟ ಗುರುತಿಗೆ ಅಷ್ಟು ನಂಬಿಕೆಯ ಯೋಗ್ಯತೆ ಇರಲಿಲ್ಲ ಎಂದು ಹೇಳಲೇಬೇಕು.

ಇತ್ತ ವಾಹನಗಳೇ ಬೇರೆಯಾಗುತ್ತಿದ್ದವು. 1970ರಲ್ಲಿ ಬಂದ ಮೊದಲ ರೇಂಜ್ ರೋವರ್ ಒಳಗಿನ ನೆಲವನ್ನು ನೀರು ಹಾಕಿ ತೊಳೆಯಬಹುದಾಗಿತ್ತು. ಹೊಲದ ಕೆಸರಿಗೂ ಹೆದ್ದಾರಿಗೂ ಒಗ್ಗುವ ಗಾಡಿ ಅದು. ಅದೇ ಗಾಡಿ 1987ರಲ್ಲಿ ಅಮೆರಿಕದ ಷೋರೂಮು ಸೇರುವಾಗ ಸಿರಿವಂತರ ವಾಹನವಾಗಿತ್ತು. 1997ರಲ್ಲಿ ಮರ್ಸಿಡಿಸ್ ತನ್ನ ಎಂ-ಕ್ಲಾಸನ್ನು ಅಲಬಾಮದ ಟಸ್ಕಲೂಸಾ ಬಳಿ ತಯಾರಿಸತೊಡಗಿತು. ಮರುವರ್ಷ ಲೆಕ್ಸಸ್ ಆರ್‌ಎಕ್ಸ್ 300, 1999ರಲ್ಲಿ ಬಿಎಂಡಬ್ಲ್ಯು ಎಕ್ಸ್5 ಬಂದವು. 2002ರ ಪೋರ್ಷೆ ಕಾಯೆನ್ ಟರ್ಬೊ 450 ಅಶ್ವಶಕ್ತಿಯದು, ಗಂಟೆಗೆ 266 ಕಿಲೋಮೀಟರ್ ಓಡಬಲ್ಲದು. ಲಾರಿಯ ತೂಕ, ರೇಸ್ ಕಾರಿನ ವೇಗ, ಸೆಡಾನಿನ ನಿಶ್ಶಬ್ದ, ಇದರ ಮೇಲೆ ಹಿಮ: ಇಷ್ಟನ್ನೂ ಒಂದೇ ಟೈರು ಹೊರಬೇಕು. ಟಿಯೆಂಪೊ ಕಾಲದ ರಾಜಿ ಇಲ್ಲಿ ಬಿಗಿಯಾಯಿತು.

ಆಗಲೇ ಅಮೆರಿಕವನ್ನು ನಡುಗಿಸಿದ ಪ್ರಕರಣವೊಂದು ಹೊರಬಿತ್ತು. ಫೋರ್ಡ್ ಎಕ್ಸ್‌ಪ್ಲೋರರ್ ಐಷಾರಾಮಿ ವಾಹನವಲ್ಲ, ಮಕ್ಕಳನ್ನು ಕೂರಿಸಿಕೊಂಡು ರಜೆಗೆ ಹೊರಡುವ ಕುಟುಂಬದ ಗಾಡಿ. ಅದಕ್ಕೆ ಹಾಕುತ್ತಿದ್ದ ಫೈರ್‌ಸ್ಟೋನ್ ಟೈರುಗಳ ಹೊರಮೈ ಓಡುತ್ತಿದ್ದಂತೆಯೇ ಉಕ್ಕಿನ ಪಟ್ಟಿಯ ಸಮೇತ ಕಿತ್ತುಹೋಗುತ್ತಿತ್ತು. ಎತ್ತರದ ಗಾಡಿ, ಹೆದ್ದಾರಿಯ ವೇಗ. ಚಾಲಕ ಹಿಡಿತ ಸಾಧಿಸುವ ಮೊದಲೇ ಗಾಡಿ ಪಲ್ಟಿ. ಟೆಕ್ಸಾಸ್, ಫ್ಲಾರಿಡಾ, ಅರಿಜೋನಾದಂಥ ಬಿಸಿಲಿನ ರಾಜ್ಯಗಳಲ್ಲೇ ಇಂಥ ಸಾವು ಹೆಚ್ಚು. ಹ್ಯೂಸ್ಟನ್ನಿನ ಕೆಎಚ್‌ಒಯು ಟಿವಿ ವಾಹಿನಿ 2000ದ ಫೆಬ್ರವರಿಯಲ್ಲಿ ಇದನ್ನು ಬಯಲಿಗೆಳೆಯಿತು. ಆಗಸ್ಟ್ 9ರಂದು ಕಂಪನಿ 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿಕೊಳ್ಳುವುದಾಗಿ ಪ್ರಕಟಿಸಿತು. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಲೆಕ್ಕದಲ್ಲಿ ಈ ಟೈರುಗಳೊಂದಿಗೆ ತಳುಕು ಹಾಕಿಕೊಂಡ ಸಾವುಗಳು 271.

ಫೋರ್ಡ್ 26 ಪಿಎಸ್‌ಐ ಗಾಳಿ ಸಾಕೆಂದು ಹೇಳಿತ್ತು. ಟೈರಿನ ಕಂಪನಿ 30 ಇರಬೇಕೆಂದು ಕೊನೆಗೆ ಪಟ್ಟು ಹಿಡಿಯಿತು. ಕಡಿಮೆ ಗಾಳಿಯಲ್ಲಿ ಸವಾರಿ ಮೆತ್ತಗೆ, ಆದರೆ ಟೈರಿನ ಪಕ್ಕದ ಮೈ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಒಳಗೆ ಕಾವು ಏರುತ್ತದೆ. ಗಾಡಿಯ ವಿನ್ಯಾಸದ ತಪ್ಪೋ ಟೈರಿನ ತಪ್ಪೋ ಎಂಬ ಜಗಳದಲ್ಲಿ ಎರಡೂ ಕಂಪನಿಗಳ ಸುಮಾರು ಒಂದು ಶತಮಾನದ ನಂಟು 2001ರಲ್ಲಿ ಮುರಿದುಬಿತ್ತು. ಆಗ ಫೋರ್ಡ್ ಕಂಪನಿಯ ಅಧ್ಯಕ್ಷರಾಗಿದ್ದ ಬಿಲ್ ಫೋರ್ಡ್ ತಂದೆಯ ಕಡೆಯಿಂದ ಹೆನ್ರಿ ಫೋರ್ಡ್‌ನ ಮರಿಮಗ, ತಾಯಿಯ ಕಡೆಯಿಂದ ಹಾರ್ವಿ ಫೈರ್‌ಸ್ಟೋನ್‌ನ ಮರಿಮಗ. ಇದು ಆ ಉದ್ಯಮಕ್ಕೆ ಹೊಸ ಪಾಠವೂ ಆಗಿರಲಿಲ್ಲ: 1978ರಲ್ಲೇ ಫೈರ್‌ಸ್ಟೋನ್ 500 ಹೆಸರಿನ ರೇಡಿಯಲ್‌ಗಳಲ್ಲಿ ಇದೇ ಬಗೆಯ ದೋಷ ಕಂಡು 145 ಲಕ್ಷದಷ್ಟು ಟೈರುಗಳನ್ನು ಹಿಂಪಡೆಯಬೇಕಾಗಿ ಬಂದಿತ್ತು. ಆಗ ಕಲಿತದ್ದನ್ನು ಉಳಿಸಿಕೊಂಡಿದ್ದರೆ ಎಷ್ಟೋ ಕುಟುಂಬಗಳು ಇಂದು ಪೂರ್ತಿಯಾಗಿ ಇರುತ್ತಿದ್ದವು.

ಈ ದುರಂತದ ಬೆನ್ನಲ್ಲೇ, 2000ದ ನವೆಂಬರಿನಲ್ಲಿ, ವಾಹನ ಸುರಕ್ಷತೆಯ ಟ್ರೆಡ್ ಕಾಯ್ದೆಗೆ ಸಹಿ ಬಿತ್ತು. ಎಸ್‌ಯುವಿ, ಪಿಕಪ್ ಟೈರುಗಳ ಪರೀಕ್ಷೆ ಬಿಗಿಯಾಯಿತು. ಟೈರಿನ ಗಾಳಿ ನಿಗದಿತ ಮಟ್ಟಕ್ಕಿಂತ ಶೇ. 25ರಷ್ಟು ಇಳಿದರೆ ಚಾಲಕನ ಮುಂದೆ ದೀಪ ಹೊತ್ತಬೇಕೆಂಬ ನಿಯಮ ಬಂದು, 2007ರ ಸೆಪ್ಟೆಂಬರಿನಿಂದ ಹೊಸ ಹಗುರ ವಾಹನಗಳಿಗೆಲ್ಲ ಅನ್ವಯಿಸಿತು. ಇಂದು ದುಬಾರಿ ಎಸ್‌ಯುವಿಯಲ್ಲಿ ಹೊಳೆಯುವ ಆ ಹಳದಿ ದೀಪದ ಹಿಂದೆ ಎಕ್ಸ್‌ಪ್ಲೋರರ್‌ನಲ್ಲಿ ಸತ್ತವರಿದ್ದಾರೆ. ಹೊಡೆಸಬೇಕಾದ ಗಾಳಿಯ ಲೆಕ್ಕ ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿರುತ್ತದೆ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ. ಅದನ್ನೇ ಅಳತೆ ಎಂದುಕೊಳ್ಳುವವರು ಇನ್ನೂ ಇದ್ದಾರೆ.

ಹಿಮದ ಗುರುತಿನ ಕೊರತೆಯೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ನೀಗಿತು. 1999ರಲ್ಲಿ ಅಮೆರಿಕ, ಕೆನಡಾದ ಟೈರು ತಯಾರಕರು ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿರುವ ಚಿಹ್ನೆಯೊಂದನ್ನು ತಂದರು. ಅದು ಬೇಕಾದರೆ ಟೈರನ್ನು ನಿಜವಾಗಿ ಹಿಮದ ಮೇಲೆ ಓಡಿಸಿ, ಹೋಲಿಕೆಗಿಟ್ಟ ಟೈರಿಗಿಂತ ಕನಿಷ್ಠ ಶೇ. 10ರಷ್ಟು ಹೆಚ್ಚಿನ ಎಳೆತ ತೋರಿಸಬೇಕು. ಆ ಪರೀಕ್ಷೆ ಗಾಡಿ ಮುಂದೆ ಸಾಗುವುದನ್ನು ಅಳೆಯುತ್ತದೆಯೇ ಹೊರತು ಮಂಜುಗಡ್ಡೆಯ ಮೇಲೆ ಬ್ರೇಕ್ ಹಿಡಿಯುವುದನ್ನಲ್ಲ ಎಂಬುದನ್ನು ಮರೆಯಬಾರದು. ನಾಲ್ಕೂ ಗಾಲಿಗೆ ಬಲ ಹೋಗುವ ಎಸ್‌ಯುವಿ ಹಿಮದಲ್ಲಿ ಸಲೀಸಾಗಿ ಹೊರಡುತ್ತದೆ, ಆದರೆ ನಿಲ್ಲುವಾಗ ಅದರ ತೂಕವೇ ಶತ್ರು.

ರಬ್ಬರಿನ ಪಾಕದಲ್ಲೂ ಬದಲಾವಣೆಯಾಯಿತು. ಇಂಗಾಲದ ಕಪ್ಪು ಪುಡಿಯ ಬದಲು ಸಿಲಿಕಾ ಬೆರೆಸಿದ ಟೈರುಗಳನ್ನು ಮಿಶೆಲಿನ್ 1992ರಲ್ಲಿ ತಂದಿತು. ಒದ್ದೆ ರಸ್ತೆಯ ಹಿಡಿತ ಹೆಚ್ಚಿಸಿದರೆ ಇಂಧನ ಹೆಚ್ಚು ಉರಿಯುತ್ತದೆ ಎಂಬ ಹಳೆಯ ಗಂಟು ಅದರಿಂದ ಸಡಿಲವಾಯಿತು. ಅದೇ ಕಂಪನಿಯ 2015ರ ಕ್ರಾಸ್‌ಕ್ಲೈಮೇಟ್, ಬೇಸಿಗೆಯ ಟೈರಿಗೆ ಹಿಮದ ಚಿಹ್ನೆ ಗಳಿಸಿಕೊಟ್ಟು ಯುರೋಪಿನಲ್ಲೂ ಒಂದೇ ಟೈರಿನ ಆಸೆ ಚಿಗುರಿಸಿತು.

ಈ ಹಿನ್ನೆಲೆಯಿಟ್ಟುಕೊಂಡು ಎಕ್ಸ್5ನಂಥ ಗಾಡಿಗೆ ಹೊಂದುವ 255/55ಆರ್18 109ಎಚ್ ಟೈರನ್ನು ಓದಿ ನೋಡಬಹುದು. ‘ಆರ್’ ಮಿಶೆಲಿನ್ನಿನ ರೇಡಿಯಲ್. 109 ಎಂದರೆ ಒಂದು ಟೈರು 1,030 ಕಿಲೋ ಹೊರಬಲ್ಲದು. ‘ಎಚ್’ ಎಂದರೆ ಗಂಟೆಗೆ 210 ಕಿಲೋಮೀಟರ್‌ವರೆಗೆ ತಡೆಯುತ್ತದೆ. ಹೊಸ ಟೈರಿನಲ್ಲಿ ಭಾರದ ಅಂಕಿ ಹಳೆಯದಕ್ಕಿಂತ ಇಳಿಯಕೂಡದು. ಪಕ್ಕದಲ್ಲಿ ನಕ್ಷತ್ರವಿದ್ದರೆ ಬಿಎಂಡಬ್ಲ್ಯು, ‘ಎಂಒ’ ಇದ್ದರೆ ಮರ್ಸಿಡಿಸ್, ‘ಎನ್’ ಜೊತೆ ಅಂಕಿಯಿದ್ದರೆ ಪೋರ್ಷೆ ತನ್ನ ಗಾಡಿಗೆಂದು ಒಪ್ಪಿದ ಟೈರು. ಸವೆತದ ಅಂಕಿಯೊಂದಿರುತ್ತದೆ. ಟೆಕ್ಸಾಸಿನ ಸ್ಯಾನ್ ಆ್ಯಂಜೆಲೊ ಸುತ್ತ 400 ಮೈಲಿಯ ರಸ್ತೆಯಲ್ಲಿ ಒಟ್ಟು 7,200 ಮೈಲಿ ಓಡಿಸಿ ಅಳೆದು, ಕಂಪನಿಯೇ ತನ್ನ ಟೈರಿಗೆ ಕೊಟ್ಟುಕೊಳ್ಳುವ ಅಂಕಿ ಅದು. ಒಂದೇ ಕಂಪನಿಯ ಎರಡು ಟೈರುಗಳನ್ನು ಹೋಲಿಸಲು ಅದು ಸರಿ, ಬೇರೆ ಬೇರೆ ಕಂಪನಿಗಳ ನಡುವೆ ಅಷ್ಟು ನೆಚ್ಚುವಂತಿಲ್ಲ. ತಯಾರಿಕೆಯ ಸಂಕೇತದ ಕೊನೆಯ ನಾಲ್ಕು ಅಂಕಿಗಳಲ್ಲಿ ತಯಾರಾದ ವಾರ ಮತ್ತು ವರ್ಷ ಇರುತ್ತದೆ. ಮೂರು ವರ್ಷ ಗೋದಾಮಿನಲ್ಲಿ ಕೂತ ಟೈರನ್ನು ಹೊಸದೆಂದು ಕೊಂಡುಕೊಳ್ಳದಿರಲು ಅಷ್ಟು ಓದಿದರೆ ಸಾಕು.

ಟೊರೊಂಟೊ, ಷಿಕಾಗೊ, ನ್ಯೂಜೆರ್ಸಿಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಹಿಮದ ಹರಳಿನ ಚಿಹ್ನೆ ನಿತ್ಯದ ಅಗತ್ಯ. ಅದೇ ಜರ್ಮನ್ ಗಾಡಿ ಬೆಂಗಳೂರಿನಲ್ಲಿದ್ದರೆ ಆ ಚಿಹ್ನೆಗೆ ಕೆಲಸವಿಲ್ಲ. ಶಿರಾಡಿ, ಆಗುಂಬೆಯ ಮಳೆಯಲ್ಲಿ ಬೇಕಾದದ್ದು ಒದ್ದೆ ರಸ್ತೆಯ ಹಿಡಿತ, ಮಾರ್ಚ್ ತಿಂಗಳ ಕಲಬುರಗಿ ಹೆದ್ದಾರಿಯಲ್ಲಿ ಬೇಕಾದದ್ದು ಕಾವು ತಡೆಯುವ ಶಕ್ತಿ. ಚಳಿಗೆಂದು ಮೆತ್ತಗೆ ಮಾಡಿದ ರಬ್ಬರಿಗೆ ಇಲ್ಲಿ ದುಡ್ಡು ಸುರಿದರೆ ಬೇಗ ಸವೆಯುವುದಷ್ಟೇ ಲಾಭ.

ಕಾನೂನುಗಳೂ ಹಳೆಯ ರಾಜಿಯನ್ನು ಮರುಪರಿಶೀಲಿಸುತ್ತಿವೆ. ಕೆನಡಾದ ಕ್ವಿಬೆಕ್ 2008ರ ಚಳಿಗಾಲದಿಂದ ಹಿಮದ ಟೈರನ್ನು ಕಡ್ಡಾಯ ಮಾಡಿತು. ಈಗ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಬೆಟ್ಟದ ಚಿಹ್ನೆಯಿಲ್ಲದ ಸಾಮಾನ್ಯ ಆಲ್-ಸೀಸನ್ ಟೈರು ಅಲ್ಲಿ ನಡೆಯದು. ಜರ್ಮನಿಯಲ್ಲಿ ಬರೀ ‘ಎಂ+ಎಸ್’ ಗುರುತಿನ ಟೈರುಗಳಿಗೆ ಹಿಮದ ರಸ್ತೆಯಲ್ಲಿ ಸಿಗುತ್ತಿದ್ದ ಮಾನ್ಯತೆ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅಮೆರಿಕದ ಅಂಗಡಿಗಳಲ್ಲಿ ಮಾತ್ರ ಅಂಥ ಟೈರುಗಳು ಇನ್ನೂ ಆಲ್-ಸೀಸನ್ ಹೆಸರಿನಲ್ಲೇ ಮಾರಾಟವಾಗುತ್ತಿವೆ, ಬೆಟ್ಟದ ಚಿಹ್ನೆ ಗಳಿಸಿದವುಗಳನ್ನು ಆಲ್-ವೆದರ್ ಎಂಬ ಬೇರೆ ಸಾಲಿನಲ್ಲಿ ಜೋಡಿಸಿಟ್ಟಿರುತ್ತಾರೆ.