ಫೋನ್ ಒಡೆಯಿರಿ ಎಂದ ಜಾಹೀರಾತು

ಹಳೆಯ ಜಾಹೀರಾತುಗಳ ಬಗ್ಗೆ ಬರೆಯುವವರಿಗೆ ಪತ್ರಿಕೆಗಳ ಕಟ್ಟುಗಳು ದೊಡ್ಡ ಆಸರೆ. ನೂರು ವರ್ಷದ ಹಿಂದಿನ ಸಾಬೂನಿನ ಜಾಹೀರಾತೂ ಗ್ರಂಥಾಲಯದಲ್ಲಿ ಕೈಗೆ ಸಿಗುತ್ತದೆ. ಕಾಗದ ಹಳದಿಗಟ್ಟಿ ಅಂಚು ಉದುರುತ್ತಿರುತ್ತದೆ, ಅಷ್ಟೆ. ಮೊಬೈಲ್ ಕಂಪನಿಗಳು ಅಂತರ್ಜಾಲದಲ್ಲಿ ಜನರನ್ನೂ ಸೇರಿಸಿಕೊಂಡು ನಡೆಸಿದ ಪ್ರಚಾರಗಳಿಗೆ ಆ ಭಾಗ್ಯವಿಲ್ಲ. ಇನ್ನೂ ಮೂವತ್ತು ವರ್ಷ ತುಂಬಿಲ್ಲ, ಆಗಲೇ ಎಷ್ಟೋ ಕಾಣೆಯಾಗಿವೆ.

ನೋಕಿಯಾ ಗೇಮ್ ತೆಗೆದುಕೊಳ್ಳಿ. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾದ ಈ ಆಟ ಮುಂದಿನ ವರ್ಷಗಳಲ್ಲಿ ಯುರೋಪಿನ ಹಲವು ದೇಶಗಳಿಗೆ ಹಬ್ಬಿತು. ಹೆಸರು ನೋಂದಾಯಿಸಿದವರಿಗೆ ಒಂದು ಸುಳಿವು ಎಸ್‌ಎಂಎಸ್‌ನಲ್ಲಿ ಬರುತ್ತಿತ್ತು, ಇನ್ನೊಂದು ಟಿವಿಯಲ್ಲಿ, ಮತ್ತೊಂದು ಪತ್ರಿಕೆಯಲ್ಲಿ. ಎಲ್ಲವನ್ನೂ ಜೋಡಿಸಿಕೊಂಡು ವೆಬ್‌ಸೈಟಿನಲ್ಲಿ ಮುಂದಿನ ಹಂತ ದಾಟಬೇಕು. ಇಂದು ಅದನ್ನು ಆಡಲಾಗದು. ಆ ಕಾಲದ ವೆಬ್ ಆಟಗಳಲ್ಲಿ ಬಹಳಷ್ಟು ಫ್ಲ್ಯಾಶ್‌ನಲ್ಲಿ ತಯಾರಾದವು. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಅದನ್ನು ಕೈಬಿಟ್ಟಿತು. ರಫಲ್ ಎಂಬ ತಂತ್ರಾಂಶದಿಂದ ಹಳೆಯ ಫ್ಲ್ಯಾಶ್ ಫೈಲುಗಳಲ್ಲಿ ಕೆಲವನ್ನು ತೆರೆಯಬಹುದು, ನಿಜ. ಆದರೆ ಸುಳಿವಿಗಾಗಿ ಟಿವಿ ಮುಂದೆ ಕಾದು ಕೂತವನನ್ನು ಯಾವ ತಂತ್ರಾಂಶ ತೆರೆದೀತು?

ಇಂಥ ಪ್ರಚಾರಗಳಿಂದ ನನ್ನಂಥ ಸಂಶೋಧಕರಿಗೆ ಹೆಚ್ಚಾಗಿ ದಕ್ಕುವುದು ಏಜೆನ್ಸಿಗಳು ಪ್ರಶಸ್ತಿ ಸ್ಪರ್ಧೆಗಳಿಗೆಂದು ತಯಾರಿಸಿದ ವಿಡಿಯೊಗಳು. ಅವುಗಳಲ್ಲಿ ಎಲ್ಲರೂ ನಗುತ್ತಾರೆ, ಎಲ್ಲವೂ ಗೆಲ್ಲುತ್ತದೆ. ಶಾಸನ ಬರೆಸುವ ಅರಸ ತಾನು ಸೋತ ಯುದ್ಧದ ಸುದ್ದಿ ಎತ್ತುವುದಿಲ್ಲವಲ್ಲ, ಹಾಗೆ.

ಜನರ ದನಿ ದಾಖಲಾಗಿರುವುದು ಎಡವಟ್ಟಾದ ಕಡೆ. 2014ರ ಏಪ್ರಿಲ್‌ನಲ್ಲಿ, ನೋಕಿಯಾದ ಫೋನ್ ವಿಭಾಗ ಮೈಕ್ರೋಸಾಫ್ಟ್ ಪಾಲಾದ ತಿಂಗಳಲ್ಲೇ, ಒನ್‌ಪ್ಲಸ್ ಎಂಬ ಹೊಸ ಚೀನೀ ಕಂಪನಿ ‘ಸ್ಮ್ಯಾಶ್ ದ ಪಾಸ್ಟ್’ ಎಂಬ ಸ್ಪರ್ಧೆ ಸಾರಿತು. ನಿಮ್ಮ ಐಫೋನ್ 5ಎಸ್ಸನ್ನೋ ಗ್ಯಾಲಕ್ಸಿ ಎಸ್5ಅನ್ನೋ ಒಡೆದು ಪುಡಿ ಮಾಡಿ, ವಿಡಿಯೊ ಕಳಿಸಿ, 299 ಡಾಲರಿನ ನಮ್ಮ ಫೋನನ್ನು 1 ಡಾಲರಿಗೆ ಕೊಳ್ಳಿ ಎಂಬುದು ಕರೆ. ಆಯ್ಕೆಯಾಗುವವರು 100 ಮಂದಿ ಮಾತ್ರ. ಅರ್ಜಿಗಳು 1,40,000 ದಾಟಿದವು. ಮೊದಲು ಅರ್ಜಿ, ಆಯ್ಕೆಯಾದ ಮೇಲೆ ಒಡೆಯುವುದು ಎಂಬುದು ನಿಯಮ. ಕೆಲವರು ಅದನ್ನು ಸರಿಯಾಗಿ ಓದದೆ ಮೊದಲೇ ಒಡೆದು ಯೂಟ್ಯೂಬಿಗೆ ಹಾಕಿಬಿಟ್ಟರು. ಬ್ಯಾಟರಿ ಜಜ್ಜಿದರೆ ಬೆಂಕಿ ಹತ್ತೀತು ಎಂದು ಬಲ್ಲವರು ಎಚ್ಚರಿಸಿದರು. ಚೆನ್ನಾಗಿರುವ ಫೋನನ್ನು ಹಾಳು ಮಾಡುವುದೇಕೆ, ಯಾರಿಗಾದರೂ ಕೊಡಬಾರದೇ ಎಂದು ಹಲವರು ಕೇಳಿದರು. ಕಂಪನಿ ಮಣಿಯಿತು: ಗೆದ್ದವರು ಫೋನ್ ಒಡೆಯುವ ಬದಲು, ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವ ಮೆಡಿಕ್ ಮೊಬೈಲ್ ಸಂಸ್ಥೆಗೆ ದಾನ ಕೊಡಬಹುದು ಎಂದಿತು. ನನ್ನ ಮಟ್ಟಿಗೆ ಇಡೀ ಪ್ರಚಾರದಲ್ಲಿ ನಿಜವಾದ ಸಂವಾದವೆಂದರೆ ಈ ತಿದ್ದುಪಡಿಯೇ. ಅದು ಯೋಜನೆಯಲ್ಲಿ ಇರಲಿಲ್ಲ.

ಕಂಪನಿ ಪಾಠ ಕಲಿಯಿತೆಂದು ಹೇಳುವಂತಿಲ್ಲ. ಅದೇ ಆಗಸ್ಟ್‌ನಲ್ಲಿ ‘ಲೇಡೀಸ್ ಫಸ್ಟ್’ ಎಂದು, ತನ್ನ ಲಾಂಛನ ಬರೆದುಕೊಂಡು ಫೋಟೊ ಹಾಕುವಂತೆ ಹೆಂಗಸರನ್ನು ಕರೆಯಿತು. ಹೆಚ್ಚು ಲೈಕ್ ಪಡೆದವರಿಗೆ ಫೋನ್ ಕೊಳ್ಳುವ ಇನ್ವೈಟ್. ಫೋನಲ್ಲ, ಕೊಳ್ಳಲು ಅನುಮತಿ! ಇದು ಹೆಣ್ಣಿಗೆ ಮಾಡುವ ಅವಮಾನ ಎಂಬ ಟೀಕೆ ಎಷ್ಟು ಜೋರಾಯಿತೆಂದರೆ ಕೆಲವೇ ಗಂಟೆಗಳಲ್ಲಿ ಪ್ರಕಟಣೆಯನ್ನು ಅಳಿಸಬೇಕಾಯಿತು. ಕಂಪನಿ ಅಳಿಸಿದ್ದನ್ನು ಉಳಿಸಿದ್ದು ಅದನ್ನು ಬೈದು ಬರೆದವರು. ಆ ಡಿಸೆಂಬರ್‌ನಲ್ಲಿ ಫೋನ್ ಭಾರತಕ್ಕೆ ಬಂದಾಗಲೂ ಇನ್ವೈಟ್ ಪದ್ಧತಿಯೇ ಇತ್ತು.

ಹಾಗಾದರೆ ಜಗಳವೇ ಆಗದ ಪ್ರಚಾರದಲ್ಲಿ ಪಾಲ್ಗೊಂಡವರು? 2009ರಲ್ಲಿ ನೋಕಿಯಾ ತನ್ನ ನಕ್ಷೆ ಸೇವೆಗಾಗಿ ಲಂಡನ್ನಿನ ಟವರ್ ಬ್ರಿಡ್ಜ್ ಬಳಿ ಕ್ರೇನಿನಿಂದ ಒಂದು ಭಾರಿ ಬಾಣವನ್ನು ತೂಗುಹಾಕಿತ್ತು. ಸ್ಟಾಕ್‌ಹೋಮಿನ ಫಾರ್‌ಫಾರ್ ಏಜೆನ್ಸಿಯ ಕೆಲಸ. ನಿಮಗೆ ಇಷ್ಟವಾದ ಜಾಗದ ಹೆಸರನ್ನು ಫೋನಿನಿಂದಲೋ ವೆಬ್‌ಸೈಟಿನಿಂದಲೋ ಕಳಿಸಿದರೆ ಬಾಣ ಅತ್ತ ತಿರುಗಿ, ಹೆಸರನ್ನೂ ದೂರವನ್ನೂ ತೋರಿಸುತ್ತಿತ್ತು. ಇದಕ್ಕಿಂತ ಚೆಂದದ ಫೋನ್ ಜಾಹೀರಾತನ್ನು ನಾನು ಕಂಡಿಲ್ಲ. ಅದರ ವಿಡಿಯೊದಲ್ಲಿ ಬಾಣ ಸ್ಪಷ್ಟವಾಗಿ ಕಾಣುತ್ತದೆ. ಆ ಊರನ್ನು ಕಳಿಸಿದವರು ಯಾರು, ಅಲ್ಲಿ ಅವರಿಗೆ ಯಾರಿದ್ದರು ಎಂಬುದು ಕಾಣುವುದಿಲ್ಲ. ಬಾಣ ಅಷ್ಟರಲ್ಲಿ ಇನ್ನೊಬ್ಬರ ಊರಿನತ್ತ ತಿರುಗಿರುತ್ತದೆ.