ಸುಣ್ಣಕಲ್ಲಿನ ಬೆಟ್ಟಕ್ಕೆ ನಾಯಿ ಜೊತೆ ಟ್ರೆಕ್ಕಿಂಗ್: ಡೊಲೊಮೈಟ್ಸ್‌ಗೆ ಹೊರಡುವ ಮುನ್ನ ಇವಿಷ್ಟು ತಿಳಿದಿರಲಿ

ಮ್ಯಾಪ್‌ನಲ್ಲಿ ನೀಲಿ ಗೆರೆ ಇದೆ, ಅಂದರೆ ಅಲ್ಲೊಂದು ಹಳ್ಳ ಇರಬೇಕು. ನಾಯಿಗೆ ಅಲ್ಲೇ ನೀರು ಕುಡಿಸಿದರಾಯಿತು ಎಂದುಕೊಂಡು ಎರಡು ತಾಸು ನಡೆದು ಹೋದರೆ ಸಿಗುವುದು ಬರೀ ಬಿಳಿ ಕಲ್ಲು. ನಾಯಿ ನಾಲಿಗೆ ಚಾಚಿ ನಿಮ್ಮ ಮುಖ ನೋಡುತ್ತಿರುತ್ತದೆ. ಸುಣ್ಣಕಲ್ಲಿನ ಬೆಟ್ಟಗಳಲ್ಲಿ ನಾಯಿ ಜೊತೆ ನಡೆಯುವವರು ಹೆಚ್ಚಾಗಿ ಎಡವುವುದು ಇಲ್ಲೇ. ಏರು ಕಷ್ಟವಾಗಿ ಅಲ್ಲ, ನೀರಿನ ಲೆಕ್ಕ ತಪ್ಪಿ.

ಯುರೋಪಿನಲ್ಲಿ ಇಂಥ ಬೆಟ್ಟಗಳಿಗೆ ಹೆಸರಾದದ್ದು ಇಟಲಿಯ ಈಶಾನ್ಯ ಭಾಗದ ಡೊಲೊಮೈಟ್ಸ್. ಜರ್ಮನಿಯ ಮ್ಯೂನಿಕ್‌ನಂಥ ನಗರಗಳಲ್ಲಿ ಕೆಲಸದಲ್ಲಿರುವ ಭಾರತೀಯರಿಗೆ ಇದು ಕಾರಿನಲ್ಲಿ ಕೆಲವೇ ಗಂಟೆಗಳ ದಾರಿ. ಮನೆಯಲ್ಲಿ ನಾಯಿ ಸಾಕಿದವರು ಬೇಸಿಗೆ ರಜೆಯಲ್ಲಿ ಅದನ್ನೂ ಕರೆದುಕೊಂಡು ಹೊರಡುತ್ತಾರೆ. ಹೊರಡುವ ಮುನ್ನ ಗಮನಿಸಬೇಕಾದ ಸಂಗತಿಗಳು ಇಲ್ಲಿವೆ.

ಏನಿದು ಡೊಲೊಮೈಟ್ಸ್?

ಸುಮಾರು 20ರಿಂದ 25 ಕೋಟಿ ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಬೆಚ್ಚಗಿನ ಸಮುದ್ರವಿತ್ತು. ಅದರ ತಳದಲ್ಲಿ ಬೆಳೆದ ದಿಬ್ಬಗಳು ಮತ್ತು ಜಲಜೀವಿಗಳ ಚಿಪ್ಪುಗಳು ಗಟ್ಟಿಯಾಗಿ, ಮುಂದೆ ಭೂಮಿಯ ಒತ್ತಡಕ್ಕೆ ಮೇಲೆದ್ದು ಇಂದಿನ ಬೆಟ್ಟಗಳಾದವು. ಫ್ರೆಂಚ್ ಭೂವಿಜ್ಞಾನಿ ಡೊಲೊಮ್ಯೂ 1791ರಲ್ಲಿ ಇಲ್ಲಿನ ಕಲ್ಲು ಸಾಮಾನ್ಯ ಸುಣ್ಣಕಲ್ಲಿನಂತಿಲ್ಲ, ಆಮ್ಲ ಹಾಕಿದರೆ ಅಷ್ಟಾಗಿ ನೊರೆ ಬರುವುದಿಲ್ಲ ಎಂದು ಬರೆದರು. ಈ ಕಲ್ಲಿನಲ್ಲಿ ಕ್ಯಾಲ್ಸಿಯಂ ಜೊತೆಗೆ ಮೆಗ್ನೀಸಿಯಂ ಕೂಡ ಇರುವುದೇ ಇದಕ್ಕೆ ಕಾರಣ. ಕಲ್ಲಿಗೂ ಬೆಟ್ಟಸಾಲಿಗೂ ಅವರ ಹೆಸರೇ ಬಂತು.

3,000 ಮೀಟರ್ ದಾಟುವ 18 ಶಿಖರಗಳು ಇಲ್ಲಿವೆ. ಅತಿ ಎತ್ತರದ ಮಾರ್ಮೊಲಾದಾ 3,343 ಮೀಟರ್ ಇದ್ದು, ಅದರ ಬಹುಭಾಗ ಶುದ್ಧ ಸುಣ್ಣಕಲ್ಲು. 2009ರಲ್ಲಿ ಡೊಲೊಮೈಟ್ಸ್ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ನೀರು ಎಲ್ಲಿಗೆ ಹೋಗುತ್ತದೆ?

ಮಳೆನೀರು ಗಾಳಿ ಮತ್ತು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಈ ನೀರು ಸುಣ್ಣಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಸಾವಿರಾರು ವರ್ಷಗಳಲ್ಲಿ ಬಿರುಕುಗಳು ಅಗಲವಾಗಿ, ಗುಂಡಿ, ಗುಹೆ, ಸುರಂಗಗಳಾಗುತ್ತವೆ. ಹಾಗಾಗಿ ಮೇಲೆ ಎಷ್ಟೇ ಮಳೆ ಸುರಿದರೂ ನೀರು ನಿಲ್ಲದೆ ಒಳಕ್ಕೆ ಇಳಿದು, ಎಷ್ಟೋ ಕೆಳಗೆ ಕಣಿವೆಯಲ್ಲಿ ಚಿಲುಮೆಯಾಗಿ ಹೊರಬರುತ್ತದೆ. ಫಾನೆಸ್, ಸೆನ್ನೆಸ್ ಪ್ರಸ್ಥಭೂಮಿಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದು.

ಮುಂಬೈ, ಪುಣೆಯವರಿಗೆ ಇದು ಹೊಸ ಅನುಭವ. ಸಹ್ಯಾದ್ರಿಯ ಕೋಟೆಗಳಿರುವುದು ಕಪ್ಪು ಬಸಾಲ್ಟ್ ಕಲ್ಲಿನ ಮೇಲೆ. ಅಲ್ಲಿ ಬಂಡೆ ಕಡಿದು ಮಾಡಿದ ತೊಟ್ಟಿಗಳಲ್ಲಿ ಮಳೆಗಾಲ ಮುಗಿದ ಎಷ್ಟೋ ತಿಂಗಳ ಮೇಲೂ ನೀರಿರುತ್ತದೆ. 'ಮೇಲೆ ಹೋದರೆ ನೀರು ಸಿಗುತ್ತದೆ' ಎಂಬ ಆ ಅಭ್ಯಾಸ ಸುಣ್ಣಕಲ್ಲಿನ ಬೆಟ್ಟದಲ್ಲಿ ಕೈಕೊಡುತ್ತದೆ. ಕರ್ನಾಟಕದಲ್ಲಿ ಇಂಥ ಕಲ್ಲಿನ ರೂಪ ನೋಡಬೇಕೆಂದರೆ ಉತ್ತರ ಕನ್ನಡದ ಯಾಣಕ್ಕೆ ಹೋಗಬೇಕು. ಅಲ್ಲಿನ ಭೈರವೇಶ್ವರ ಶಿಖರ, ಮೋಹಿನಿ ಶಿಖರಗಳ ಚೂಪು ಅಂಚುಗಳು ಮಳೆನೀರಿನ ಕೆತ್ತನೆಯೇ.

ನಾಯಿಗೆ ಎಷ್ಟು ನೀರು ಬೇಕು?

ಸಾಮಾನ್ಯ ದಿನದಲ್ಲಿ ನಾಯಿಗೆ ಪ್ರತಿ ಕೆಜಿ ತೂಕಕ್ಕೆ ಸುಮಾರು 50ರಿಂದ 60 ಮಿ.ಲೀ. ನೀರು ಬೇಕು. 30 ಕೆಜಿಯ ಲ್ಯಾಬ್ರಡಾರ್‌ಗೆ ಮನೆಯಲ್ಲೇ ಒಂದೂವರೆ ಲೀಟರ್ ದಾಟುತ್ತದೆ. ಬಿಸಿಲಲ್ಲಿ ಏರು ಹತ್ತುವಾಗ ಇದು ಇಮ್ಮಡಿಯಾದರೂ ಆಶ್ಚರ್ಯವಿಲ್ಲ. ಇದು ನಿಮ್ಮ ನೀರಿನ ಹೊರತಾದ ಲೆಕ್ಕ. ಇಷ್ಟು ಹೊರಲು ಆಗದಿದ್ದರೆ ದಾರಿಯನ್ನೇ ಚಿಕ್ಕದು ಮಾಡಿಕೊಳ್ಳಿ.

ಹುಲ್ಲುಗಾವಲುಗಳಲ್ಲಿ ದನಗಳಿಗಾಗಿ ಮಾಡಿದ ಹೊಂಡಗಳು ಕಾಣುತ್ತವೆ. ಆ ನಿಂತ ನೀರನ್ನು ನಾಯಿಗೆ ಕುಡಿಸಬೇಡಿ. ಸೆಗಣಿ, ಗಂಜಲ ಸೇರಿದ ನೀರಿನಿಂದ ಇಲಿಜ್ವರ, ಭೇದಿಯಂಥ ಕಾಯಿಲೆ ತಗಲಬಹುದು.

ಬಿಸಿಲಿನ ಅಪಾಯ

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟೇ ದೇಹವನ್ನು ತಂಪು ಮಾಡಿಕೊಳ್ಳುತ್ತದೆ. ಮರಗಳ ಎಲ್ಲೆ ದಾಟಿದ ಮೇಲೆ ಡೊಲೊಮೈಟ್ಸ್‌ನಲ್ಲಿ ನೆರಳೇ ಇಲ್ಲ. ಬಿಳಿ ಕಲ್ಲಿನಿಂದ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ. ಪಗ್, ಶಿಹ್ ತ್ಸು, ಫ್ರೆಂಚ್ ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ತಳಿಗಳಿಗೆ ಉಸಿರಾಟವೇ ಕಷ್ಟ. ಅವನ್ನು ಇಂಥ ಏರಿಗೆ ಕರೆದೊಯ್ಯದಿರುವುದೇ ಲೇಸು.

ನಾಯಿಯ ಸಹಜ ಉಷ್ಣತೆ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. 41 ದಾಟಿದರೆ ಜೀವಕ್ಕೇ ಅಪಾಯ. ನಿಲ್ಲದ ಏದುಸಿರು, ಗಟ್ಟಿ ಜೊಲ್ಲು, ಕಡುಕೆಂಪು ಒಸಡು, ತೂರಾಟ ಕಂಡರೆ ನಡಿಗೆ ನಿಲ್ಲಿಸಿ. ನೆರಳು ಮಾಡಿ, ಹೊಟ್ಟೆ, ಕಂಕುಳು, ಪಾದಗಳಿಗೆ ತಣ್ಣೀರು ಹಾಕಿ ಗಾಳಿ ಬೀಸಿ, ಆದಷ್ಟು ಬೇಗ ಪಶುವೈದ್ಯರ ಬಳಿ ಕರೆದೊಯ್ಯಿರಿ.

ಪಾದ, ಬಿರುಕು ಮತ್ತು ಹಾವು

ಕರಗಿದ ಸುಣ್ಣಕಲ್ಲಿನ ಅಂಚು ಚಾಕುವಿನಂತಿರುತ್ತದೆ. ಇಳಿಜಾರಿನ ಜಲ್ಲಿಕಲ್ಲು ಮರಳು ಕಾಗದದಂತೆ ಅಂಗಾಲು ತಿಕ್ಕುತ್ತದೆ. ನಗರದ ಟೈಲ್ಸ್ ಮೇಲೆ ಬೆಳೆದ ನಾಯಿಯ ಪಾದ ಒಂದೇ ದಿನದಲ್ಲಿ ಸುಲಿದುಹೋಗಬಹುದು. ನಾಯಿಗಳಿಗೆಂದೇ ಸಿಗುವ ಬೂಟುಗಳನ್ನು ಒಯ್ಯಿರಿ. ಆದರೆ ಎರಡು ವಾರ ಮೊದಲೇ ಮನೆಯಲ್ಲಿ ಹಾಕಿ ರೂಢಿ ಮಾಡಿಸಿ. ತಾಸಿಗೊಮ್ಮೆ ಅಂಗಾಲು, ಬೆರಳ ಸಂದು ನೋಡಿ.

ಹುಲ್ಲು ಮುಚ್ಚಿದ ಬಿರುಕುಗಳಲ್ಲಿ ಕಾಲು ಸಿಕ್ಕಿ ಮೂಳೆ ಮುರಿಯುವ ಭಯವೂ ಇದೆ. ಬಿಸಿಲು ಕಾಯಿಸಲು ಬಂಡೆ ಮೇಲೆ ವೈಪರ್ ಜಾತಿಯ ವಿಷದ ಹಾವುಗಳು ಮಲಗಿರುತ್ತವೆ. ಕಾಡಿನಂಚಿನ ಹುಲ್ಲಿನಲ್ಲಿ ಉಣ್ಣೆಗಳು ಹತ್ತುತ್ತವೆ. ಇವಕ್ಕೆಲ್ಲ ಮೊದಲ ಮದ್ದು, ನಾಯಿಯನ್ನು ದಾರಿ ಬಿಟ್ಟು ಹೋಗಲು ಬಿಡದಿರುವುದು.

ಹಸುಗಳ ಹತ್ತಿರ ಎಚ್ಚರ

ಬೇಸಿಗೆಯಲ್ಲಿ ಆಲ್ಪ್ಸ್‌ನ ಹುಲ್ಲುಗಾವಲುಗಳಲ್ಲಿ ಕರುಗಳ ಜೊತೆ ಹಸುಗಳು ಮೇಯುತ್ತಿರುತ್ತವೆ. ನಮ್ಮ ಕಡೆಯ ಸಾಧು ಹಸುಗಳೆಂದು ತಿಳಿದು ಹತ್ತಿರ ಹೋಗಬಾರದು. ನಾಯಿ ಅವುಗಳ ಕಣ್ಣಿಗೆ ತೋಳವೇ.

ಗಡಿಯಾಚೆ ಆಸ್ಟ್ರಿಯಾದ ಟಿರೋಲ್‌ನಲ್ಲಿ 2014ರಲ್ಲಿ ನಾಯಿ ಜೊತೆ ನಡೆಯುತ್ತಿದ್ದ ಜರ್ಮನ್ ಮಹಿಳೆಯೊಬ್ಬರು ಹಸುಗಳ ದಾಳಿಗೆ ಬಲಿಯಾದರು. ನಾಯಿಯ ಹಗ್ಗವನ್ನು ಅವರು ಸೊಂಟಕ್ಕೆ ಕಟ್ಟಿಕೊಂಡಿದ್ದರು. 2019ರಲ್ಲಿ ಕೆಳ ನ್ಯಾಯಾಲಯ ಪೂರ್ಣ ಹೊಣೆಯನ್ನು ರೈತನ ಮೇಲೆ ಹಾಕಿದಾಗ ದೇಶದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಕೊನೆಗೆ 2020ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರದೂ ಅರ್ಧರ್ಧ ಹೊಣೆ ಎಂಬ ತೀರ್ಪನ್ನು ಎತ್ತಿಹಿಡಿಯಿತು.

ಪಾಠ ಸ್ಪಷ್ಟ. ಹಸುಗಳನ್ನು ದೂರದಿಂದ ಸುತ್ತುಹಾಕಿ ಹೋಗಿ. ಹಗ್ಗ ಗಿಡ್ಡದಾಗಿರಲಿ, ಆದರೆ ಕೈಯಲ್ಲಿರಲಿ, ಸೊಂಟಕ್ಕೆ ಬೇಡ. ಹಸು ನುಗ್ಗಿ ಬಂದರೆ ಹಗ್ಗವನ್ನು ತಕ್ಷಣ ಬಿಟ್ಟುಬಿಡಿ. ನಾಯಿ ಓಡಿ ತಪ್ಪಿಸಿಕೊಳ್ಳುತ್ತದೆ, ನೀವೂ ಉಳಿಯುತ್ತೀರಿ.

ಯಾವ ದಾರಿ ಆರಿಸಬೇಕು?

ಇಟಾಲಿಯನ್ ಆಲ್ಪೈನ್ ಕ್ಲಬ್ ದಾರಿಗಳನ್ನು ಅಕ್ಷರಗಳಲ್ಲಿ ವಿಂಗಡಿಸಿದೆ. 'ಟಿ' ಸುಲಭ, 'ಇ' ಸಾಮಾನ್ಯ ಚಾರಣ, 'ಇಇ' ಅನುಭವಿಗಳಿಗೆ, 'ಇಇಎ' ಕಬ್ಬಿಣದ ಹಗ್ಗ ಹಿಡಿದು ಹತ್ತುವಂಥದ್ದು. ನಾಯಿಗೆ ಮೊದಲ ಎರಡು ಸಾಕು. ಕೊನೆಯದಕ್ಕೆ ಹೋಗಲೇಬಾರದು.

ಮೊದಲ ಸಲ ಹೋಗುವವರಿಗೆ ತ್ರೆ ಚೀಮೆ ದಿ ಲವರೇದೊ ಎಂಬ ಮೂರು ಶಿಖರಗಳ ಸುತ್ತಿನ ದಾರಿ ಒಳ್ಳೆಯದು. ಸುಮಾರು 10 ಕಿ.ಮೀ., ಮೂರರಿಂದ ನಾಲ್ಕು ತಾಸಿನ ನಡಿಗೆ. ಬೆಳಗ್ಗೆ ಬೇಗ ಹೊರಡಿ. ಬೇಸಿಗೆಯ ಮಧ್ಯಾಹ್ನ ಇಲ್ಲಿ ಗುಡುಗು ಸಿಡಿಲಿನ ಮಳೆ ಸಾಮಾನ್ಯ. ಒದ್ದೆಯಾದ ಸುಣ್ಣಕಲ್ಲು ಸೋಪಿನಂತೆ ಜಾರುತ್ತದೆ.

ನಿಯಮಗಳೇನು?

* ರಕ್ಷಿತ ಪ್ರದೇಶಗಳಲ್ಲಿ ನಾಯಿಗೆ ಹಗ್ಗ ಕಟ್ಟಿರಲೇಬೇಕು. ಬೆಲ್ಲುನೊ ಭಾಗದ ರಾಷ್ಟ್ರೀಯ ಉದ್ಯಾನದಲ್ಲಿ ನಿಗದಿತ ದಾರಿಗಳಲ್ಲಿ ಮಾತ್ರ ಪ್ರವೇಶ.
* ಬಸ್ಸು, ಕೇಬಲ್ ಕಾರ್‌ಗಳಲ್ಲಿ ಬಾಯಿಗೆ ಹಾಕುವ ಮಝಲ್ ಕೇಳುತ್ತಾರೆ. ಬ್ಯಾಗಿನಲ್ಲಿರಲಿ.
* ಬೆಟ್ಟದ ಮೇಲಿನ ತಂಗುಮನೆಗಳಿಗೆ 'ರಿಫೂಜಿಯೊ' ಎನ್ನುತ್ತಾರೆ. ರಾತ್ರಿ ಉಳಿಯಲು ನಾಯಿಯನ್ನು ಎಲ್ಲರೂ ಬಿಡುವುದಿಲ್ಲ. ಮೊದಲೇ ಫೋನ್ ಮಾಡಿ ಕೇಳಿ.
* ತುರ್ತು ಸಹಾಯಕ್ಕೆ 112.

ಭಾರತದಿಂದ ನಾಯಿ ಒಯ್ಯುವುದಾದರೆ?

ಮೈಕ್ರೋಚಿಪ್ ಹಾಕಿಸಿ, ನಂತರ ರೇಬಿಸ್ ಲಸಿಕೆ ಕೊಡಿಸಬೇಕು. ಕನಿಷ್ಠ 30 ದಿನ ಕಳೆದ ಮೇಲೆ ರಕ್ತದ ಮಾದರಿ ತೆಗೆಸಿ, ಐರೋಪ್ಯ ಒಕ್ಕೂಟ ಮಾನ್ಯ ಮಾಡಿದ ಪ್ರಯೋಗಾಲಯದಲ್ಲಿ ಪ್ರತಿಕಾಯ ಪರೀಕ್ಷೆ ಮಾಡಿಸಬೇಕು. ಮಾದರಿ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಅಂದರೆ ಕನಿಷ್ಠ ನಾಲ್ಕೈದು ತಿಂಗಳ ತಯಾರಿ. ಎರಡು ವಾರದ ಪ್ರವಾಸಕ್ಕೆ ಇಷ್ಟೆಲ್ಲ ಬೇಕೇ ಎಂದು ಯೋಚಿಸಿ. ವಿಮಾನದ ಕಾರ್ಗೋ ಪ್ರಯಾಣವೂ ನಾಯಿಗೆ ಸುಲಭವಲ್ಲ.

ಬ್ಯಾಗಿನಲ್ಲಿ ಇರಬೇಕಾದ್ದು

* ನಾಯಿಯ ಪಾಲಿನ ನೀರು, ಮಡಚುವ ಬಟ್ಟಲು
* ಎದೆಗೆ ಹಾಕುವ ಹಾರ್ನೆಸ್ (ಕುತ್ತಿಗೆ ಬೆಲ್ಟ್ ಮಾತ್ರ ಸಾಲದು, ಜಾರಿದರೆ ಉಸಿರು ಕಟ್ಟುತ್ತದೆ)
* ಬೂಟು, ಬ್ಯಾಂಡೇಜ್, ಉಣ್ಣೆ ಕೀಳುವ ಚಿಮಟ
* ಗಾಯಗೊಂಡರೆ ಹೊತ್ತು ತರಲು ಗಟ್ಟಿ ಜೋಳಿಗೆ
* ಮಲ ಎತ್ತಲು ಚೀಲ

ಕೊನೆಯ ಮಾತು. ಮನುಷ್ಯ ಸುಸ್ತಾದರೆ 'ಸಾಕು, ವಾಪಸ್ ಹೋಗೋಣ' ಎನ್ನುತ್ತಾನೆ. ನಾಯಿ ಹಾಗೆ ಹೇಳುವುದಿಲ್ಲ. ಯಜಮಾನ ನಡೆಯುತ್ತಿರುವಷ್ಟು ಹೊತ್ತು, ಕಾಲು ಸುಲಿದರೂ ಬಾಯಿ ಒಣಗಿದರೂ, ಅದು ಹಿಂದೆಯೇ ಬರುತ್ತದೆ. ಹಾಗಾಗಿ ಎಲ್ಲಿ ತಿರುಗಬೇಕು ಎಂಬುದನ್ನು ಅದರ ಪರವಾಗಿ ನೀವೇ ನಿರ್ಧರಿಸಬೇಕು. ಒಯ್ದ ನೀರಿನಲ್ಲಿ ಅರ್ಧ ಮುಗಿಯಿತೆಂದರೆ, ಶಿಖರ ಎಷ್ಟೇ ಹತ್ತಿರ ಕಂಡರೂ ಅಲ್ಲಿಂದಲೇ ಹಿಂದಿರುಗಿ.